ಮನೆ ಅಗ್ಗ, ಮಿರಜ ದೂರ

ಬೆಂಗಳೂರಿನಲ್ಲೋ ಪುಣೆಯಲ್ಲೋ ಮೂವತ್ತು ವರ್ಷ ನೌಕರಿ ಮಾಡಿ ಅರವತ್ತರ ಹತ್ತಿರ ಬಂದ ಬಾಗಲಕೋಟೆ ಜಿಲ್ಲೆಯವರಿಗೆ ಜಾತ್ರೆಗೆಂದು ಊರಿಗೆ ಬಂದಾಗ ಈಗ ಹೊಸ ಉದ್ಯೋಗವೊಂದು ಹತ್ತಿಕೊಂಡಿದೆ. ಅದು ಎನ್‌ಎ ಪ್ಲಾಟು ನೋಡುವ ಉದ್ಯೋಗ. ಬೆಳಿಗ್ಗೆ ಜಮಖಂಡಿ, ಮಧ್ಯಾಹ್ನ ಮುಧೋಳ, ಹೊತ್ತು ಮುಳುಗುವುದರೊಳಗೆ ರಬಕವಿ-ಬನಹಟ್ಟಿ. ಗುಂಟೆಗೆ ಎಷ್ಟು, ಉತಾರ ಚೊಕ್ಕ ಇದೆಯೇ, ನಳದ ನೀರು ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗಳು. ಜೊತೆಗೆ ಬಂದ ಸೋದರಮಾವನ ಉತ್ತರ ಮಾತ್ರ ಎಲ್ಲದಕ್ಕೂ ಒಂದೇ: “ಅಲ್ಲೇನೈತಿ? ಇಲ್ಲಿ ಬಂದ್ಬಿಡ್ರಿ. ಅರ್ಧಾ ಖರ್ಚಿನ್ಯಾಗ ರಾಜಾನಂಗ ಇರಬಹುದು.”

ರಾಜರು ಇಲ್ಲಿ ನಿಜಕ್ಕೂ ಇದ್ದರು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಎರಡೂ ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಇಂದಿನ ಪಿಂಚಣಿದಾರನ ಬೊಕ್ಕಸ ಅಷ್ಟು ದೊಡ್ಡದಲ್ಲ, ಹಾಗಾಗಿ ಮಾವನ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕಾಗುತ್ತದೆ.

ನಿವೃತ್ತಿಯಾದಾಗ ಕೈಗೆ ಬಂದ ದುಡ್ಡಿನಲ್ಲಿ 30 ಲಕ್ಷ ರೂಪಾಯಿಯನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ (ಒಬ್ಬರಿಗೆ ಮಿತಿಯೇ ಅಷ್ಟು) ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 20,500. ಬೆಂಗಳೂರಿನ ಬಹಳಷ್ಟು ಬಡಾವಣೆಗಳಲ್ಲಿ ಇದು ಮನೆ ಬಾಡಿಗೆಯಲ್ಲೇ ಮುಗಿದುಹೋಗುತ್ತದೆ. ಜಮಖಂಡಿಯಲ್ಲಿ ಬಾಡಿಗೆ ಕೊಟ್ಟು, ಸಂತೆ ಮಾಡಿ, ಹಾಲಿನವನ ಲೆಕ್ಕ ಚುಕ್ತಾ ಮಾಡಿದ ಮೇಲೂ ಒಂದಿಷ್ಟು ಉಳಿಯುತ್ತದೆ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿ ಎನ್‌ಪಿಎಸ್‌ಗೆ ಒಳಪಟ್ಟವರಲ್ಲಿ ತಡವಾಗಿ ಸೇರಿದವರು ಈಗಾಗಲೇ ನಿವೃತ್ತರಾಗುತ್ತಿದ್ದಾರೆ. ಹಳೆಯ ಪಿಂಚಣಿಯ ಭರವಸೆ ಇಲ್ಲದ ಇವರಿಗೆ ಅಗ್ಗದ ಊರು ಹುಡುಕುವುದು ಶೋಕಿಯ ಮಾತಲ್ಲ. ಇನ್ನು ಸಕ್ಕರೆ ಕಾರ್ಖಾನೆಯಲ್ಲೋ ಖಾಸಗಿ ಕಂಪನಿಯಲ್ಲೋ ದುಡಿದು ಇಪಿಎಸ್ ನಂಬಿದವರ ಕನಿಷ್ಠ ಪಿಂಚಣಿ 2014ರಿಂದ ಕದಲದೆ ನಿಂತಿರುವುದು ತಿಂಗಳಿಗೆ 1,000 ರೂಪಾಯಿಗೆ.

ಇಷ್ಟರ ಮಟ್ಟಿಗೆ ಮಾವ ಹೇಳಿದ್ದು ಖರೆ. ಆದರೆ ಅವನ ಲೆಕ್ಕದಲ್ಲಿ ಬರೆಯದೇ ಬಿಟ್ಟ ಒಂದು ಬಾಬತ್ತು ಇದೆ. ಈ ಊರುಗಳಲ್ಲಿ ಮುದುಕರ ಬದುಕು ಅಗ್ಗವಾಗಿರುವುದು ಊರಿನಿಂದಲ್ಲ, ಮನೆಯವರಿಂದ. ಔಷಧ ತರುವ ಮೊಮ್ಮಗ, ರೊಟ್ಟಿ ಬಡಿಯುವ ಸೊಸೆ, ಬ್ಯಾಂಕಿಗೆ ಬೈಕಿನ ಮೇಲೆ ಒಯ್ಯುವ ಅಣ್ಣನ ಮಗ, ರಾತ್ರಿ ಎದೆ ನೋವು ಬಂದರೆ ಕಾರು ತೆಗೆಯುವ ಓಣಿಯವರು, ಇವರಾರಿಗೂ ಪಗಾರವಿಲ್ಲ. ಅದರಲ್ಲೂ ಸೊಸೆಯ ದುಡಿಮೆಯನ್ನು ಯಾರೂ ದುಡಿಮೆ ಎಂದು ಕರೆಯುವುದೂ ಇಲ್ಲ. ಬಂಧುಬಳಗ ಇರುವವರಿಗೆ ಜಮಖಂಡಿ ಅಗ್ಗ. ಬಳಗ ಚದುರಿಹೋದವರಿಗೆ, ಮಕ್ಕಳು ವಿದೇಶದಲ್ಲಿ ಇರುವವರಿಗೆ, ಒಂಟಿ ಹೆಂಗಸರಿಗೆ ಅದೇ ಜಮಖಂಡಿ ಬೆಂಗಳೂರಿಗಿಂತ ದುಬಾರಿ ಬೀಳಬಹುದು. ದುಡ್ಡು ಕೊಡುತ್ತೇನೆಂದರೂ ಮನೆಗೆ ಬಂದು ನೋಡಿಕೊಳ್ಳುವ ನರ್ಸು, ಮಂಡಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಸಿಗುವುದು ಇಲ್ಲಿ ಕಷ್ಟ.

ಜಮಖಂಡಿಯ ಪರವಾಗಿ ಹೇಳಲು ಬಹಳಷ್ಟಿದೆ. 2011ರ ಜನಗಣತಿಯಲ್ಲಿ ಸುಮಾರು 69 ಸಾವಿರ ಜನರಿದ್ದ ಊರು. ಪೇಟೆಯ ಎಲ್ಲ ಅನುಕೂಲವೂ ಇದೆ, ನಡೆದೇ ಮುಟ್ಟಬಹುದು ಎನ್ನುವಷ್ಟು ಚಿಕ್ಕದೂ ಆಗಿದೆ. ಗುಡ್ಡದ ಮೇಲೆ ರಾಮತೀರ್ಥ, ಪಟವರ್ಧನರ ಕಾಲದ ಅರಮನೆ, ಪಿ.ಬಿ. ಹೈಸ್ಕೂಲು. ಸಂಸ್ಥಾನದ ಊರಾದ್ದರಿಂದ ಓದು-ಬರಹ, ಸಂಗೀತ, ಕೋರ್ಟು-ಕಚೇರಿಗಳ ರೂಢಿ ಹಳೆಯದು. ಉಪವಿಭಾಗಾಧಿಕಾರಿ ಕಚೇರಿ ಇಲ್ಲೇ ಇದೆ. 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಇಲ್ಲಿಯೇ ಆರಂಭವಾಯಿತು. ಎರಡು ವರ್ಷ ತುಂಬುವ ಮೊದಲೇ, ಮುಚ್ಚಬಹುದಾದ ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರು ಓಡಾಡಿತು ಎಂಬುದು ಬೇರೆ ಮಾತು.

ಹೀಗಿದ್ದೂ ಈ ನೆಲದಿಂದ ಹೋಗಿ ಹೆಸರು ಮಾಡಿದ ಇಬ್ಬರು ದೊಡ್ಡವರು ತಮ್ಮ ಮುಪ್ಪನ್ನು ಕಳೆದದ್ದು ಜಮಖಂಡಿಯಲ್ಲಲ್ಲ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಸಂಸ್ಥಾನದ ಮಂತ್ರಿಯಾಗಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಉಪರಾಷ್ಟ್ರಪತಿಯಾಗಿ 1979ರಲ್ಲಿ ಅಧಿಕಾರದಿಂದ ಇಳಿದ ಮೇಲೆ ಉಳಿದದ್ದು ಬೆಂಗಳೂರಿನಲ್ಲಿ. 2002ರಲ್ಲಿ ತೀರಿಕೊಂಡದ್ದೂ ಅಲ್ಲೇ. ತತ್ವಶಾಸ್ತ್ರಜ್ಞ ಗುರುದೇವ ರಾನಡೆ 1886ರಲ್ಲಿ ಹುಟ್ಟಿದ್ದು ಜಮಖಂಡಿಯಲ್ಲಿ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಕುಲಪತಿಯೂ ಆಗಿ, 1946ರಲ್ಲಿ ನಿವೃತ್ತರಾದ ಅವರು ಊರ ಕಡೆ ಮರಳಿದರು, ನಿಜ. ಆದರೆ ಬಂದು ನೆಲೆಸಿದ್ದು ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ, ಸೊಲ್ಲಾಪುರ ಮಾರ್ಗದ ರೈಲು ನಿಲ್ದಾಣವಿರುವ ಊರಿನಲ್ಲಿ. ಅವರನ್ನು ಅಲ್ಲಿಗೆ ಎಳೆದದ್ದು ಸಾಧನೆ ಮತ್ತು ಇಂಚಗೇರಿ ಸಂಪ್ರದಾಯದ ನಂಟು. ನಿವೃತ್ತನ ಕಣ್ಣಿಂದ ನೋಡಿದರೆ ಆ ಆಯ್ಕೆಯಲ್ಲಿ ಇನ್ನೆರಡು ಅಂಶಗಳು ಕಾಣುತ್ತವೆ: ಸುತ್ತ ಶಿಷ್ಯರ ಬಳಗ, ಮನೆಯ ಹತ್ತಿರವೇ ರೈಲು.

ಜಮಖಂಡಿಗೆ ಇಂದಿಗೂ ರೈಲಿಲ್ಲ. ಬಾಗಲಕೋಟೆ-ಕುಡಚಿ ಮಾರ್ಗ, ಸುಮಾರು 142 ಕಿಲೋಮೀಟರ್, 2010-11ರ ರೈಲ್ವೆ ಬಜೆಟ್‌ನಲ್ಲಿ ಸೇರಿತ್ತು. ಹಳಿ ಬಾಗಲಕೋಟೆ ಕಡೆಯಿಂದ ಖಜ್ಜಿಡೋಣಿಗೆ ಬಂದು, ಲೋಕಾಪುರದತ್ತ ತೆವಳಿದೆ. ಆಗ ನಲವತ್ತೈದರ ಹರೆಯದಲ್ಲಿ ರೈಲಿಗಾಗಿ ಧರಣಿಗೆ ಕುಳಿತಿದ್ದವರು ಈಗ ಅರವತ್ತು ದಾಟಿದ್ದಾರೆ. ಪ್ಲಾಟು ತೋರಿಸುವ ಏಜೆಂಟರು ಮಾತ್ರ “ಸ್ಟೇಷನ್ ಇಲ್ಲೇ ಬರತೈತ್ರಿ” ಎಂದು ಹೊಲದ ಕಡೆ ಬೆರಳು ತೋರಿಸುವುದನ್ನು ಬಿಟ್ಟಿಲ್ಲ. ಬೆರಳಿಗೆ ರೊಕ್ಕ ಕೊಡಬಾರದು.

ಆಸ್ಪತ್ರೆಯ ವಿಷಯ ರೈಲಿಗಿಂತ ಗಂಭೀರ. ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ತಾಲ್ಲೂಕು ಆಸ್ಪತ್ರೆ, ಖಾಸಗಿ ದವಾಖಾನೆಗಳು ಸಾಕು. ಹೃದಯ, ಮಿದುಳು, ಕ್ಯಾನ್ಸರ್ ಎಂದ ಕೂಡಲೇ ಗಾಡಿ ಬಾಗಲಕೋಟೆ, ವಿಜಯಪುರ ಅಥವಾ ಬೆಳಗಾವಿಯ ದಾರಿ ಹಿಡಿಯಬೇಕು. ಈ ಭಾಗದ ಹಳಬರ ಬಾಯಲ್ಲಿ ಇವೆಲ್ಲಕ್ಕಿಂತ ಮೊದಲು ಬರುವ ಹೆಸರು ಮಿರಜ. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1890ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಕೃಷ್ಣೆಯ ಎರಡೂ ದಂಡೆಯ ಹಳ್ಳಿಗಳಿಗೆ “ಮಿರಜಕ್ಕ ಒಯ್ದಾರ” ಎಂದರೆ ರೋಗ ಕೈಮೀರಿದೆ ಎಂದೇ ಅರ್ಥ. ಗಡಿ ದಾಟಿದರೆ ಬೇರೆ ರಾಜ್ಯ, ಬೇರೆ ಆರೋಗ್ಯ ಕಾರ್ಡು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರು ಬಾಗಲಕೋಟೆಗೋ ವಿಜಯಪುರಕ್ಕೋ ಬಸ್ಸಿನಲ್ಲಿ ಪುಕ್ಕಟೆ ಹೋಗಿ ಬರಬಹುದು, ಮಿರಜಕ್ಕೆ ಆ ಚೀಟಿ ನಡೆಯದು. ಪ್ಲಾಟು ನೋಡಲು ಬಂದವರು ಹಗಲು ಹನ್ನೊಂದು ಗಂಟೆಗೆ ಕಾರಿನಲ್ಲಿ ಒಂದು ಸುತ್ತು ಹಾಕಿ ಊರು ಶಾಂತವಾಗಿದೆ ಎನ್ನುತ್ತಾರೆ. ಅದೇ ದಾರಿಯನ್ನು ಜನವರಿಯ ನಡುರಾತ್ರಿ, ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಒಮ್ಮೆ ಹೋಗಿ ನೋಡಬೇಕು. ಹಿಂದೆ ದೀಪವಿಲ್ಲದ ಟ್ರೇಲರು ಮುಂದಿರುವಾಗ ಆಂಬುಲೆನ್ಸ್ ಕೂಡ ಕಬ್ಬಿನ ವೇಗದಲ್ಲೇ ಹೋಗಬೇಕು.

ಪ್ಲಾಟು ನೋಡುವವರ ಪಟ್ಟಿಯ ನಾಲ್ಕನೆಯ ಊರು ಬೀಳಗಿಯದು ಬೇರೆಯೇ ಕಥೆ. ನಾಲ್ಕರಲ್ಲಿ ಎಲ್ಲಕ್ಕಿಂತ ಚಿಕ್ಕದು, ಪಟ್ಟಣ ಪಂಚಾಯಿತಿಯ ಊರು. ಜಿಲ್ಲಾ ಕೇಂದ್ರಕ್ಕೆ ಹತ್ತಿರ, ಹುಬ್ಬಳ್ಳಿ-ವಿಜಯಪುರ ಹೆದ್ದಾರಿ ದೂರವಿಲ್ಲ. ಕೊರ್ತಿ-ಕೊಲ್ಹಾರ ಸೇತುವೆ ದಾಟಿದರೆ ಗಡಿಗೆಯ ಗಟ್ಟಿ ಮೊಸರು. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮವೂ ಇದೇ ತಾಲ್ಲೂಕಿನಲ್ಲಿದೆ. ಚಳಿಗಾಲದಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹಕ್ಕಿಗಳು ಬಂದಿಳಿದಾಗ, ಇಲ್ಲೊಂದು ಮನೆ ಇದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸೀತು.

ಅನ್ನಿಸಿದ ಕೂಡಲೇ ಕೇಳಬೇಕಾದ ಸಂಖ್ಯೆ 524.256. ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲಿಸುವುದು 519.6 ಮೀಟರ್‌ವರೆಗೆ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ ಒಪ್ಪಿದ್ದು 524.256 ಮೀಟರ್‌ಗೆ. ಈ ಎರಡು ಗೆರೆಗಳ ನಡುವಿನ ನೆಲವೆಲ್ಲ ಮುಳುಗಡೆಗೆ ಕಾದು ಕುಳಿತಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ಪರಿಹಾರ ನಿಗದಿ ಮಾಡಿತು. ನಿವೃತ್ತಿಗೆಂದು ಬರುವವರಿಗೆ ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಹಿನ್ನೀರ ದಂಡೆಯ ಅಗ್ಗದ ಜಾಗ ಅಗ್ಗವಾಗಿರಲು ಕಾರಣ ಇರಬಹುದು. ಪರಿಹಾರ ಕೈಸೇರಿದ ರೈತರು ಬೀಳಗಿ, ಜಮಖಂಡಿ, ಮುಧೋಳದಲ್ಲೇ ಮನೆ-ಜಾಗ ಹುಡುಕುವುದರಿಂದ ಎತ್ತರದ ಜಾಗದ ದರ ಇಂದಿನಂತೆ ಉಳಿಯುವುದೂ ಅನುಮಾನ. ಮುಳುಗಡೆಯ ಸಂತ್ರಸ್ತರು ಮತ್ತು ಪಟ್ಟಣದಿಂದ ಬಂದ ಪಿಂಚಣಿದಾರರು ಒಂದೇ ಪ್ಲಾಟಿಗೆ ಕೈ ಹಾಕುವ ಪರಿಸ್ಥಿತಿ ಬಂದರೆ ಮೊದಲ ಹಕ್ಕು ಯಾರದು ಎಂಬುದರಲ್ಲಿ ಗೊಂದಲ ಬೇಕಿಲ್ಲ.

ಮುಧೋಳದಲ್ಲಿ ನೀರಿನ ಪ್ರಶ್ನೆ ಇನ್ನೂ ನೇರ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ಬಂದದ್ದು ಎಷ್ಟು ದೂರ ಎಂದು ಹಳೇ ಓಣಿಯ ಯಾರನ್ನು ಕೇಳಿದರೂ ಗೋಡೆ ಮುಟ್ಟಿ ತೋರಿಸುತ್ತಾರೆ. ಸಕ್ಕರೆ, ಸಿಮೆಂಟು, ಬೆಲ್ಲದ ದುಡ್ಡು ಓಡಾಡುವ ಪ್ರದೇಶವಾದ್ದರಿಂದ ಇಲ್ಲಿ ಜಾಗ ಅಂದುಕೊಂಡಷ್ಟು ಸಸ್ತಾ ಅಲ್ಲ. ರನ್ನ ಹುಟ್ಟಿದ ಊರು ಎಂಬ ಹೆಮ್ಮೆಗೆ ಬೆಲೆ ಕಟ್ಟುವ ಹಾಗಿಲ್ಲ, ಸರಿ. ಒಂಟಿತನಕ್ಕೆ ಜೊತೆಯಾಗಲಿ ಎಂದು ಮುಧೋಳ ನಾಯಿ ಸಾಕುವ ಆಸೆ ಇದ್ದವರಿಗೊಂದು ಕಿವಿಮಾತು: 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಸೇನೆಗೂ ಸೇರಿದ ಈ ಬೇಟೆನಾಯಿ ಮೊಲದ ಬೆನ್ನು ಹತ್ತಲು ಹುಟ್ಟಿದ್ದು. ಅದರ ಜೊತೆ ವಾಕಿಂಗ್ ಹೋಗಲು ಮೊದಲು ಮಂಡಿ ನೆಟ್ಟಗಿರಬೇಕು.

ರಬಕವಿ-ಬನಹಟ್ಟಿ 2011ರಲ್ಲೇ 77 ಸಾವಿರದ ಊರು, ನೇಕಾರರ ಊರು. ಇಲ್ಲಿ ಮನೆ ನೋಡುವವರು ಗೋಡೆಗೆ ಕಿವಿ ಕೊಟ್ಟು ನೋಡಬೇಕು. ಪಕ್ಕದ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದರೆ ಮಧ್ಯಾಹ್ನದ ನಿದ್ದೆಯನ್ನು ಮರೆಯಬೇಕಾಗುತ್ತದೆ. ಆ ಸದ್ದು ನಿಂತ ದಿನ ಪಕ್ಕದ ಮನೆಯ ಒಲೆಯೂ ತಣ್ಣಗಾಗುತ್ತದೆ ಎಂಬುದನ್ನು ತಿಳಿದವರು ದೂರು ಹೇಳುವುದಿಲ್ಲ. ಈ ಓಣಿಗಳಲ್ಲಿ ನಿವೃತ್ತಿ ಎನ್ನುವುದೇ ಇಲ್ಲ. ಕಣ್ಣು ಮಂಜಾದ ಮೇಲೆ ಮಗ್ಗ ಬಿಟ್ಟವರು ಕಂಡಿಕೆ ಸುತ್ತುತ್ತಾರೆ. ಸರ್ಕಾರದ ನೇಕಾರ ಸಮ್ಮಾನ್ ವರ್ಷಕ್ಕೆ 5,000 ರೂಪಾಯಿ, ಅರವತ್ತೈದಾದರೆ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200. ಹೊರಗಿನಿಂದ ಬಂದವರು ಅಗ್ಗ ಎನ್ನುವ ಇದೇ ಸಂತೆಯಲ್ಲಿ ಈ ಹಿರಿಯರು ಬದನೆಕಾಯಿಯ ದರ ಕೇಳಿ ಮುಂದೆ ಹೋಗುತ್ತಾರೆ.

ಹಾಗಾದರೆ ಬರಬೇಡಿ ಎಂದು ಹೇಳುವುದೇ? ಇಲ್ಲ. ಬರಲಿ, ಆದರೆ ಕೊಳ್ಳದೆ ಬರಲಿ. ಒಂದು ವರ್ಷ ಬಾಡಿಗೆ ಮನೆ ಹಿಡಿದು, 40 ಡಿಗ್ರಿಯ ಆಚೀಚೆ ಕಾಯುವ ಏಪ್ರಿಲ್-ಮೇ, ಹೊಳೆ ತುಂಬುವ ಆಗಸ್ಟ್, ಕಬ್ಬು ನುರಿಸುವ ಜನವರಿ, ಮೂರನ್ನೂ ಕಂಡು ಆಮೇಲೆ ಉತಾರಕ್ಕೆ ಕೈ ಹಾಕಲಿ. ಊರಿನವರೂ ಅವರನ್ನು ಬರೀ ಪ್ಲಾಟಿನ ಗಿರಾಕಿಗಳೆಂದು ನೋಡುವುದನ್ನು ಬಿಡಲಿ. ಯಾಕೆಂದರೆ ಬಳಗವಿಲ್ಲದ ಮುಪ್ಪು ಹೊರಗಿನಿಂದ ಬಂದವರದ್ದಷ್ಟೇ ಆಗಿ ಉಳಿದಿಲ್ಲ. ಮಕ್ಕಳನ್ನು ಓದಿಸಿ ಬೆಂಗಳೂರಿಗೆ, ಪುಣೆಗೆ ಕಳಿಸಿದ ಇಲ್ಲಿನ ಮನೆಗಳಲ್ಲೂ ಈಗ ಇಬ್ಬರೇ ಇರುತ್ತಾರೆ.

ಸರ್ಕಾರ ಬರುವವರೆಗೆ ಕಾಯದ ನೆಲ ಇದು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಹಾಕಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡರು 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದರು. ನದಿಗೆ ಅಡ್ಡ ಗೋಡೆ ಕಟ್ಟಿದವರಿಗೆ ಹಿರಿಯರಿಗೆಂದು ಒಂದು ಹಗಲು ಕೇಂದ್ರ, ರಾತ್ರಿಯಿಡೀ ತೆರೆದ ಒಂದು ಔಷಧದ ಅಂಗಡಿ, ಬಸ್ ನಿಲ್ದಾಣದಿಂದ ಪೇಟೆಗೆ ಎಡವದೆ ನಡೆಯುವಂಥ ಫುಟ್‌ಪಾತು, ಮನೆಗೆ ಬಂದು ಆರೈಕೆ ಮಾಡುವ ತರಬೇತಾದ ಹತ್ತಾರು ಹುಡುಗ-ಹುಡುಗಿಯರು, ಇಷ್ಟನ್ನು ಒದಗಿಸುವುದು ಅಸಾಧ್ಯವೇನಲ್ಲ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ನಗರಸಭೆಗಳು, ಬೀಳಗಿಯ ಪಟ್ಟಣ ಪಂಚಾಯಿತಿ ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಭೆ ಕರೆಯುತ್ತವೆ. ಅಲ್ಲಿ ಖಾಲಿ ಇರುವ ಕುರ್ಚಿಗಳಲ್ಲಿ ಪಿಂಚಣಿದಾರರ ಸಂಘದವರು ಹೋಗಿ ಕುಳಿತು, ಚರಂಡಿ, ಬೀದಿದೀಪದ ಜೊತೆಗೆ ಈ ನಾಲ್ಕನ್ನೂ ಬರೆಸಿ ಬರಬಹುದು.