ಆಮೆಯ ಆಕಳಿಕೆ

ಮನೆಯಲ್ಲಿ ಯಾರಾದರೂ ಮಾತಾಡುತ್ತಿರುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಹಿರಿಯರು ಬೆರಳಿನಿಂದ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಾರೆ. ಆಡಿದ ಮಾತು ನಿಜವಾಗುತ್ತದೆಂಬ ನಂಬಿಕೆ. ತೆಲುಗರಲ್ಲೂ ಈ ನಂಬಿಕೆ ಇದೆ. ಹೈದರಾಬಾದಿನ ಸನತ್‌ನಗರದ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದ ಮನೆಗೂ ತೆಲುಗಿನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಒಂದೇ ಹಲ್ಲಿ ಎರಡೂ ಮನೆಗಳಿಗೆ ಶಕುನ ಹೇಳಿ ಹೋಗುತ್ತದೆ. ಪಂಚಾಂಗ ಇನ್ನೂ ಮುಂದೆ ಹೋಗಿ, ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಟ್ಟಿಯನ್ನೇ ಕೊಡುತ್ತದೆ.

ಹಲ್ಲಿ ಲೊಚಗುಟ್ಟುವುದು ಇನ್ನೊಂದು ಹಲ್ಲಿಗಾಗಿ. ‘ಈ ಟ್ಯೂಬ್‌ಲೈಟಿನ ಸುತ್ತಲಿನ ಜಾಗ ನನ್ನದು’ ಎಂದು ಎದುರಾಳಿಗೆ ತಿಳಿಸಲು, ಇಲ್ಲವೇ ಸಂಗಾತಿಯನ್ನು ಕರೆಯಲು ಅದು ಸದ್ದು ಮಾಡುತ್ತದೆ. ಆ ಮಾತುಕತೆಯಲ್ಲಿ ನಾವಿಲ್ಲ. ಆದರೂ ತಲೆತಲಾಂತರದಿಂದ ಅದನ್ನು ನಮಗೆ ಹೇಳಿದ ಮಾತೆಂದೇ ಕೇಳುತ್ತ ಬಂದಿದ್ದೇವೆ. ಗೋಡೆಯ ಹಲ್ಲಿಯ ವಿಷಯದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಅದೇ ಅಭ್ಯಾಸವನ್ನು ನಾವು ದುಡ್ಡು ಕೊಟ್ಟು ತಂದು ಗಾಜಿನ ತೊಟ್ಟಿಯಲ್ಲಿಟ್ಟ ಪ್ರಾಣಿಗೂ ವಿಸ್ತರಿಸಿದಾಗ ಆ ಪ್ರಾಣಿಗೆ ತೊಂದರೆಯಾಗುತ್ತದೆ. ಸಾಕುಪ್ರಾಣಿಗಳ ಚೇಷ್ಟೆಗಳನ್ನು ನೋಡಿ ನಗುವ ಮೊದಲು, ಬೇಸರಪಡುವ ಮೊದಲು, ಆ ಚೇಷ್ಟೆ ಯಾರನ್ನು ಕುರಿತದ್ದು ಎಂದು ಕೇಳಿಕೊಳ್ಳಬೇಕು.

ನಾಯಿಯ ಚೇಷ್ಟೆ ನಮ್ಮನ್ನೇ ಕುರಿತದ್ದು. ಮನುಷ್ಯ ಮತ್ತು ನಾಯಿಯ ಒಡನಾಟಕ್ಕೆ ಕನಿಷ್ಠ 15,000 ವರ್ಷಗಳ ಇತಿಹಾಸವಿದೆ. ಕೆಲಸ ಮುಗಿಸಿ ಬಾಗಿಲು ತೆರೆದ ಕೂಡಲೇ ಅದು ಎದೆಗೆ ನೆಗೆದು ಮುಖ ನೆಕ್ಕುತ್ತದೆ, ಇಸ್ತ್ರಿ ಮಾಡಿದ ಅಂಗಿ ಕೊಳೆಯಾಗುತ್ತದೆ. ತೋಳದ ಮರಿಗಳು ಬೇಟೆಯಿಂದ ಮರಳಿದ ಹಿರಿಯರ ಬಾಯಿ ನೆಕ್ಕಿ, ಅವು ಕಕ್ಕುವ ತುತ್ತಿಗಾಗಿ ಕಾಯುತ್ತವೆ. ನಮ್ಮ ನಾಯಿ ಅದೇ ಹಳೆಯ ನಡವಳಿಕೆಯನ್ನು ನಮ್ಮ ಮೇಲೆ ಪ್ರಯೋಗಿಸುತ್ತದೆ. ತಪ್ಪು ಮಾಡಿ ಸಿಕ್ಕಿಬಿದ್ದಾಗ ಅದು ಹುಬ್ಬಿನ ಒಳತುದಿಯನ್ನು ಎತ್ತಿ ನೋಡುವ ದೀನ ನೋಟವೂ ನಮಗಾಗಿಯೇ. ಜೂಲಿಯಾನ್ ಕಮಿನ್ಸ್ಕಿ ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಹುಬ್ಬನ್ನು ಎತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗಿಲ್ಲ. ನಮ್ಮ ಮನಸ್ಸು ಕರಗಿಸುವ ಮುಖಗಳನ್ನು ನಮ್ಮ ಪೂರ್ವಿಕರೇ ಆರಿಸಿ ಆರಿಸಿ ಸಾಕಿದರು ಎಂಬುದು ಆ ವಿಜ್ಞಾನಿಗಳ ಊಹೆ.

ಬೆಕ್ಕು ನಾಯಿಯಷ್ಟು ಒಗ್ಗಿಕೊಂಡ ಪ್ರಾಣಿಯಲ್ಲ. ಆದರೂ ಬೆಳೆದ ಬೆಕ್ಕುಗಳು ಪರಸ್ಪರ ‘ಮಿಯಾಂವ್’ ಎನ್ನುವುದು ಅಪರೂಪ. ಆ ಸದ್ದು ಬಹುಮಟ್ಟಿಗೆ ಮನುಷ್ಯರಿಗೇ ಮೀಸಲು. ನಸುಕಿನಲ್ಲಿ ದಿಂಬಿನ ಪಕ್ಕ ಬಂದು, ಎದ್ದು ಹಾಲು ಹಾಕುವತನಕ ಬಿಡದೆ ಗುರುಗುಟ್ಟುವ ಬೆಕ್ಕನ್ನು ಸಾಕಿದವರೆಲ್ಲ ಬಲ್ಲರು. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕರೆನ್ ಮೆಕಾಂಬ್ ಆ ಹಸಿವಿನ ಗುರುಗುಟ್ಟುವಿಕೆಯನ್ನು ಧ್ವನಿಮುದ್ರಿಸಿ 2009ರಲ್ಲಿ ವಿಶ್ಲೇಷಿಸಿದರು. ಮಂದ್ರಸ್ವರದ ಒಳಗೆ ಎಳೆಮಗುವಿನ ಅಳುವನ್ನು ಹೋಲುವ ಒಂದು ಏರುದನಿ ಹುದುಗಿತ್ತು. ಬೆಕ್ಕು ಸಾಕದವರಿಗೂ ಅದು ಆತುರದ ಕರೆಯಂತೆ ಕೇಳಿಸಿತು. ನಮ್ಮ ನಿದ್ದೆ ಕೆಡಿಸುವ ವಿದ್ಯೆಯನ್ನು ಬೆಕ್ಕು ನಮ್ಮಿಂದಲೇ ಕಲಿತಿದೆ. ಈ ಉಪದ್ರವಗಳಲ್ಲಿ ಒಂದು ಸಂಬಂಧವಿದೆ. ಅದಕ್ಕೇ ನಾವು ಬೈಯುತ್ತಲೇ ಎದ್ದು ಹಾಲು ಹಾಕುತ್ತೇವೆ.

ಈಗ ಸರೀಸೃಪಗಳಿಗೆ ಬರೋಣ. ಹೈದರಾಬಾದಿನ ಅಕ್ವೇರಿಯಂ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಆಮೆಯೆಂದರೆ ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಪ್ರಾಣಿ. ಕೊಳ್ಳುವಾಗ ಅಂಗೈಯ ಕುಳಿಯಲ್ಲಿ ಕೂರುವ ಹಸಿರು ಮರಿ. ಬೆಳೆದ ಹೆಣ್ಣಿನ ಚಿಪ್ಪು 25ರಿಂದ 30 ಸೆಂಟಿಮೀಟರ್. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕಬಲ್ಲದು. ಆಲ್ವಿನ್ ಕಾರ್ಖಾನೆಯ ಕಾಲದಲ್ಲಿ ಕಾರ್ಮಿಕರ ಬಡಾವಣೆಯಾಗಿದ್ದ ಸನತ್‌ನಗರದಲ್ಲಿ ಈಗ ಅಂಗಳವಿರುವ ಮನೆಗಳು ಕಡಿಮೆ, ಬಾಲ್ಕನಿಗಳು ಹೆಚ್ಚು. ನಾಯಿಗೆ ಅನುಮತಿಯಿಲ್ಲದ ಬಾಡಿಗೆ ಮನೆಗಳಲ್ಲಿ ಮಕ್ಕಳ ಹಟಕ್ಕೆ ಇಂಥ ಆಮೆ ಬಂದು ಸೇರುತ್ತದೆ. ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ತಿರುಗಾಡಿಸಬೇಕಿಲ್ಲ ಎಂಬ ಸಮಾಧಾನ ದೊಡ್ಡವರದು.

ಬಂದ ಮೇಲೆ ಅದರ ಅಭ್ಯಾಸಗಳು ಒಂದೊಂದಾಗಿ ಹೊರಬೀಳುತ್ತವೆ. ಮನುಷ್ಯರ ನೆರಳು ಕಂಡರೆ ಸಾಕು, ನೀರನ್ನೆಲ್ಲ ಚೆಲ್ಲಾಡುತ್ತ ಕೈಕಾಲು ಬಡಿದು ತಿಂಡಿ ಬೇಡುತ್ತದೆ. ಹಿಂಗಾಲುಗಳನ್ನು ಹಿಂದಕ್ಕೆ ಚಾಚಿ, ಬೆರಳುಗಳನ್ನು ಅಗಲಿಸಿ, ಕತ್ತು ನೀಟಿ ಕಲ್ಲಿನ ಮೇಲೆ ನಿಶ್ಚಲವಾಗಿ ಮಲಗುತ್ತದೆ. ಹೊಸಬರು ಸತ್ತೇಹೋಯಿತೆಂದು ಹೆದರುತ್ತಾರೆ. ಎರಡು ಆಮೆಗಳಿದ್ದರೆ ಒಂದು ಇನ್ನೊಂದರ ಬೆನ್ನೇರುತ್ತದೆ. ಗಂಡು ಹೆಣ್ಣಿನ ಮುಖದೆದುರು ತನ್ನ ಮುಂಗಾಲುಗಳ ಉದ್ದುಗುರುಗಳನ್ನು ವೀಣೆಯ ತಂತಿ ಮಿಡಿಯುವ ಬೆರಳುಗಳಂತೆ ನಡುಗಿಸುತ್ತದೆ. ನಿನ್ನೆ ತಾನೇ ಬದಲಿಸಿದ ನೀರು ಇಂದು ನಾರುತ್ತದೆ. ಚಳಿಗಾಲದಲ್ಲಿ ಹಾಕಿದ್ದನ್ನು ಮೂಸಿಯೂ ನೋಡುವುದಿಲ್ಲ. ಮತ್ತು ಹಗಲೆಲ್ಲ ಗಾಜನ್ನು ಕೆರೆಯುತ್ತದೆ.

ಇವುಗಳಲ್ಲಿ ಒಂದೂ ಹುಡುಗಾಟವಲ್ಲ. ಬಿಸಿಲಿಗೆ ಮೈಚಾಚುವುದು ಅದರ ಜೀವನಾಧಾರ. ಆಮೆ ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಕಾಲಿನ ಜಾಲಪೊರೆಯನ್ನು ಅಗಲಿಸಿದಷ್ಟೂ ಹೆಚ್ಚು ಬಿಸಿಲು ದಕ್ಕುತ್ತದೆ. ಶಾಖವಿಲ್ಲದೆ ತಿಂದದ್ದು ಅರಗದು. ಡಿಸೆಂಬರಿನ ಹೈದರಾಬಾದ್ ರಾತ್ರಿಗಳಲ್ಲಿ ಅದು ಊಟ ಬಿಡುವುದು ಈ ಕಾರಣಕ್ಕೆ, ಯಾರ ಮೇಲಿನ ಮುನಿಸಿನಿಂದಲೂ ಅಲ್ಲ. ಬಿಸಿಲಿನ ನೇರಳಾತೀತ ಕಿರಣಗಳಿಲ್ಲದೆ ಡಿ ಜೀವಸತ್ವ ತಯಾರಾಗದು, ಅದಿಲ್ಲದೆ ಸುಣ್ಣದಂಶ ಚಿಪ್ಪಿಗೆ ಸೇರದು. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಆದ್ದರಿಂದ ಕಿಟಕಿಯ ಒಳಗೆ ‘ಬಿಸಿಲಿನಲ್ಲೇ’ ಇಟ್ಟ ಆಮೆಯ ಚಿಪ್ಪೂ ಮೆತ್ತಗಾಗುತ್ತದೆ. ಆಮೆಗಳ ರಾಶಿ ಕಂಡು ಮಕ್ಕಳು ಪ್ರೀತಿಯೆಂದು ತಿಳಿಯುತ್ತಾರೆ. ಅದು ಒಂದೇ ಕಲ್ಲಿಗಾಗಿ, ಒಂದೇ ಬಿಸಿಲಿನ ತುಂಡಿಗಾಗಿ ನಡೆಯುವ ಪೈಪೋಟಿ. ನೀರು ನಾರುವುದಕ್ಕೂ ಕಾರಣ ಸರಳ: ಈ ಆಮೆ ತುತ್ತನ್ನು ನುಂಗುವುದು ನೀರಿನೊಳಗೇ, ಮಲ ವಿಸರ್ಜಿಸುವುದೂ ಅಲ್ಲೇ. ನದಿಯಲ್ಲಿ ಹರಿದುಹೋಗುತ್ತಿದ್ದದ್ದು ಟಬ್ಬಿನಲ್ಲಿ ಉಳಿಯುತ್ತದೆ.

ಗಾಜು ಕೆರೆಯುವುದರ ಅರ್ಥವನ್ನು ನನಗೆ ಸರಿಯಾಗಿ ಹೇಳಿದವರು ಕಲಬುರಗಿಯಿಂದ ಮಗನ ಮನೆಗೆ ಬಂದಿದ್ದ ನೆರೆಮನೆಯ ಅಜ್ಜಿ. ‘ಹೊಟ್ಟಿಗಿ ಹಾಕಿದ್ರೂ ಕೆರಿಯೋದು ಬಿಡವಲ್ದು ನೋಡ್ರಿ. ಅದಕ ಹೊರಗ ಹೋಗಬೇಕಾಗ್ಯದ. ಆಚೀಕಡಿ ಕಾಣಸ್ತದ, ಹೋಗಾಕ ಬರವಲ್ದು. ಪಾಪ, ಗಾಜು ಅಂದ್ರ ಏನು ಗೊತ್ತದಕ’ ಎಂದರು. ಮೊಮ್ಮಕ್ಕಳು ಅದನ್ನು ‘ಡ್ಯಾನ್ಸ್’ ಎನ್ನುತ್ತಿದ್ದರು. ಅಜ್ಜಿ ಹೇಳಿದ್ದೇ ಸರಿ. ಸರೀಸೃಪಗಳ ವರ್ತನೆಯನ್ನು ಬಲ್ಲವರು ಪಾರದರ್ಶಕ ಗೋಡೆಯ ಎದುರಿನ ಈ ನಿರಂತರ ಹೆಣಗಾಟವನ್ನು ಸೆರೆಯ ಒತ್ತಡದ ಗುರುತೆಂದು ಪರಿಗಣಿಸುತ್ತಾರೆ. ಕೋಟಿಗಟ್ಟಲೆ ವರ್ಷಗಳ ಆಮೆಯ ಚರಿತ್ರೆಯಲ್ಲಿ, ಕಣ್ಣಿಗೆ ಕಾಣದೆ ದಾರಿಗಡ್ಡವಾಗುವ ವಸ್ತು ಅದಕ್ಕೆಲ್ಲೂ ಎದುರಾಗಿರಲಿಲ್ಲ.

ನಾಯಿಗೂ ಆಮೆಗೂ ಇರುವ ಅಂತರವನ್ನು ಆಕಳಿಕೆಯ ಎರಡು ಪ್ರಯೋಗಗಳು ಚೆನ್ನಾಗಿ ತೋರಿಸುತ್ತವೆ. 2008ರಲ್ಲಿ ಲಂಡನ್ನಿನ ಸಂಶೋಧಕರು 29 ನಾಯಿಗಳ ಎದುರು ಕುಳಿತು ಆಕಳಿಸಿದರು. 21 ನಾಯಿಗಳು ತಾವೂ ಆಕಳಿಸಿದವು. ಅನಾ ವಿಲ್ಕಿನ್ಸನ್ ಮತ್ತು ಸಂಗಡಿಗರು ಕೆಂಪುಕಾಲಿನ ಆಮೆಗಳ ಮೇಲೆ ಇದನ್ನೇ ಪರೀಕ್ಷಿಸಲು ಹೊರಟರು. ಅಲೆಕ್ಸಾಂಡ್ರಾ ಎಂಬ ಆಮೆಗೆ ಕೆಂಪು ಚೌಕವನ್ನು ಕಂಡಾಗ ಬಾಯಿ ತೆರೆಯುವಂತೆ ತಿಂಗಳುಗಟ್ಟಲೆ ತರಬೇತಿ ಕೊಟ್ಟರು. ಅದು ಕಲಿತು ಆಕಳಿಸಿತು. ನೋಡುತ್ತಿದ್ದ ಬೇರೆ ಆಮೆಗಳಿಗೆ ಆಕಳಿಕೆ ಅಂಟಲಿಲ್ಲ. ಜನರನ್ನು ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2011ರಲ್ಲಿ ಈ ಅಧ್ಯಯನಕ್ಕೆ ಸಂದಿತು. ಅದು ತಕ್ಕ ಗೌರವವೇ. ಆಮೆಯ ಆಕಳಿಕೆ ಇನ್ನೊಂದು ಆಮೆಯನ್ನೇ ಮುಟ್ಟದಿರುವಾಗ, ಅದರ ಹಾವಭಾವಗಳಲ್ಲಿ ನಮಗಾಗಿ ಸಂದೇಶವಿದೆಯೆಂದು ಭಾವಿಸಲು ಆಧಾರವೆಲ್ಲಿ?

ಆಮೆಗೆ ಬುದ್ಧಿಯಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಅದೇ ವಿಲ್ಕಿನ್ಸನ್ 2010ರ ಇನ್ನೊಂದು ಪ್ರಯೋಗದಲ್ಲಿ, ಬೇಲಿಯ ಆಚೆಗಿನ ಆಹಾರವನ್ನು ಬಳಸುದಾರಿಯಿಂದ ತಲುಪುವ ಉಪಾಯವನ್ನು ಒಂದು ಆಮೆ ಇನ್ನೊಂದು ಆಮೆಯನ್ನು ನೋಡಿಯೇ ಕಲಿಯುತ್ತದೆಂದು ತೋರಿಸಿದರು. ಇನ್ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ಟಿಮೊಥಿ ಎಂಬ ಆಮೆಯ ದಿನಚರಿಯನ್ನು ಬರೆದಿಟ್ಟ. ಚಿಪ್ಪು ಹೊತ್ತ ಪ್ರಾಣಿಯಾಗಿಯೂ ಅದು ಮಳೆಹನಿಗೆ ಹೆದರಿ ಮರೆಗೆ ಓಡುವುದನ್ನು ಕಂಡು ಬೆರಗಾದ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತನಗೆ ತಿನ್ನಿಸಿದ ಮುದುಕಿಯನ್ನು ಗುರುತಿಸಿ ಅದು ತೆವಳುತ್ತ ಹೋಗುವುದನ್ನೂ, ಅಪರಿಚಿತರ ಕಡೆಗೆ ನೋಡದಿರುವುದನ್ನೂ ಗಮನಿಸಿದ. ಆಮೆ ನಮ್ಮನ್ನು ಬಲ್ಲದು. ಆದರೆ ನಮ್ಮ ಮೆಚ್ಚುಗೆ ಗಳಿಸುವ ಅಗತ್ಯ ಅದಕ್ಕೆಂದೂ ಬರಲಿಲ್ಲ. ವೈಟ್ ದೊಡ್ಡವನೆನಿಸುವುದು ಆಮೆಯನ್ನು ನಾಯಿಯಾಗಿಸಲು ಅವನು ಹೊರಡದೆ ಇದ್ದುದರಿಂದ.

ಕನ್ನಡದ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಈ ಅಂತರವನ್ನು ಎಂದೋ ತೋರಿಸಿಕೊಟ್ಟಿದೆ. ಅದರಲ್ಲಿ ಕಿವಿ ಎಂಬ ನಾಯಿ ಮನುಷ್ಯರ ಹಿಂದೆ ಮುಂದೆ ಸುತ್ತುತ್ತದೆ. ಹಾರುವ ಓತಿ ತನ್ನನ್ನು ಹುಡುಕಿ ಬಂದ ಇಷ್ಟೂ ಜನರ ಹಂಬಲವನ್ನು ಅರಿಯದೆ ಕಣಿವೆಗೆ ತೇಲಿಹೋಗುತ್ತದೆ. ಎರಡಕ್ಕೂ ಕಾದಂಬರಿಯಲ್ಲಿ ಸಮಾನ ಘನತೆಯಿದೆ.

ಹೊರದೇಶದ ಸರೀಸೃಪಗಳನ್ನು ಸಾಕುವ ಹವ್ಯಾಸ ನಮ್ಮ ನಗರಗಳಲ್ಲಿ ಬೆಳೆಯುತ್ತಿರುವುದರಿಂದ ಈ ವಿವೇಕ ಈಗ ಹೆಚ್ಚು ಬೇಕು. ಇಗ್ವಾನಾ ಸೀನಿ ಸೀನಿ ಗಾಜಿನ ಮೇಲೆ ಬಿಳಿ ಚುಕ್ಕೆ ಮೂಡಿಸುತ್ತದೆ. ನೆಗಡಿಯಲ್ಲ, ಮೈಯಲ್ಲಿನ ಹೆಚ್ಚುವರಿ ಉಪ್ಪನ್ನು ಮೂಗಿನ ಗ್ರಂಥಿಯಿಂದ ಹೊರಹಾಕುವ ರೀತಿ. ಆಸ್ಟ್ರೇಲಿಯಾದ ಬಿಯರ್ಡೆಡ್ ಡ್ರ್ಯಾಗನ್ ಒಂದು ಕೈಯೆತ್ತಿ ನಿಧಾನವಾಗಿ ಬೀಸಿದರೆ ‘ಟಾಟಾ ಮಾಡುತ್ತಿದೆ’ ಎಂದು ವಿಡಿಯೊ ಮಾಡುತ್ತಾರೆ. ತನಗಿಂತ ಬಲಶಾಲಿಯ ಎದುರು ಸೋಲೊಪ್ಪುವ ಸನ್ನೆ ಅದು. ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಕೂರುವುದು ಅದರ ಸಹಜ ಧರ್ಮ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಇಗ್ವಾನಾ, ಪೈಥಾನ್‌ಗಳಂಥ ಪ್ರಾಣಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು.

ನಮ್ಮದೇ ನೆಲದ ನಕ್ಷತ್ರ ಆಮೆಯ ಕಥೆ ಇನ್ನೂ ದಾರುಣ. ಆಂಧ್ರ, ಕರ್ನಾಟಕ, ತಮಿಳುನಾಡಿನ ಕುರುಚಲು ಕಾಡಿನ ಈ ಪ್ರಾಣಿಯನ್ನು ಅದೃಷ್ಟ ತರುತ್ತದೆಂದು ಮನೆಯಲ್ಲಿ ಬಚ್ಚಿಟ್ಟು ಸಾಕುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ.  2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದ ಮೂಲಕ ಒಂದು ವರ್ಷದಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳು ಕಾಡಿನಿಂದ ಕಳುವಾದದ್ದನ್ನು ದಾಖಲಿಸಿತು. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಲಾಯಿತು. ‘ಎಷ್ಟು ಸಾಧು, ಮುಟ್ಟಿದರೆ ತಲೆ ಒಳಗೆಳೆದುಕೊಂಡು ನಾಚುತ್ತದೆ’ ಎನ್ನುವವರಿದ್ದಾರೆ. ಅದು ನಾಚಿಕೆಯಲ್ಲ, ಭಯ.

ಸ್ಲೈಡರ್ ಆಮೆ ಬೆಳೆದು ಟಬ್ಬು ಸಾಲದಾದಾಗ ಅನೇಕರು ಅದನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುತ್ತಾರೆ. ಜಗತ್ತಿನ ಅತ್ಯಂತ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಬಿಸಿಲು ಕಾಯುವ ಜಾಗ, ಆಹಾರ ಎಲ್ಲದರಲ್ಲೂ ಸ್ಥಳೀಯ ಆಮೆಗಳನ್ನು ಹಿಂದಿಕ್ಕುತ್ತದೆ. ಅದರ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟು ಕಾಯಿಲೆ ಬೀಳುತ್ತಿದ್ದರಿಂದ ಅಮೆರಿಕ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಲ್ಲಿಸಿತು. ಆಮೆ ತಂದವರು ಅದರ ಆಯುಷ್ಯವನ್ನೂ ತಂದಂತೆ. ಹೈದರಾಬಾದಿನ ನೆಹರೂ ಮೃಗಾಲಯದಲ್ಲಿ 2024ರ ಮಾರ್ಚಿನಲ್ಲಿ ತೀರಿಕೊಂಡ ಗಲಾಪಗೋಸ್ ದೈತ್ಯ ಆಮೆಯ ವಯಸ್ಸು 125 ಎಂದು ಅಂದಾಜಿಸಲಾಗಿತ್ತು. 1963ರಲ್ಲಿ ಬಾಗ್-ಎ-ಆಮ್ ಉದ್ಯಾನದಿಂದ ಅಲ್ಲಿಗೆ ಹೋದ ಅದು ತನ್ನನ್ನು ನೋಡಿಕೊಂಡವರ ತಲೆಮಾರುಗಳನ್ನೇ ದಾಟಿತ್ತು.

ಆದ್ದರಿಂದ ನನ್ನ ಮಾತು ಇಷ್ಟು. ನಮ್ಮ ಮಾತಿಗೆ ಓಗೊಡುವ ಜೀವ ಬೇಕೆನ್ನುವವರು ಬೀದಿಯ ನಾಯಿಮರಿಯನ್ನೋ ಬೆಕ್ಕಿನ ಮರಿಯನ್ನೋ ಮನೆಗೆ ತರಲಿ. ಅವುಗಳ ಕಾಟದಲ್ಲಿ ನಮಗೆ ಪಾಲಿದೆ. ಆಮೆಯನ್ನು ಹೊಸದಾಗಿ ಕೊಳ್ಳುವುದು ಬೇಡ. ಮನೆಯಲ್ಲಿ ಈಗಾಗಲೇ ಸ್ಲೈಡರ್ ಇದ್ದರೆ ಅದಕ್ಕೆ ಈಜುವಷ್ಟು ಆಳದ ನೀರು, ಪೂರ್ತಿ ಒಣಗಿ ಕೂರಲು ಕಲ್ಲು, ಗಾಜು ಅಡ್ಡವಿಲ್ಲದ ಬಿಸಿಲು, ಜೊತೆಗೆ ಸರಿಯಲು ನೆರಳು ಕೊಡಬೇಕು. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಯಾವ ಕೆರೆಗೂ ಬಿಡಬಾರದು. ನಕ್ಷತ್ರ ಆಮೆಯಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಮಕ್ಕಳು ಅದರ ಚೇಷ್ಟೆ ನೋಡಿ ನಕ್ಕಾಗ ಗದರಿಸಬೇಕಿಲ್ಲ. ಅದು ಹಾಗೇಕೆ ಮಾಡುತ್ತಿದೆ ಎಂದು ಅವರನ್ನೇ ಕೇಳಿದರೆ ಸಾಕು. ತನಗೆ ಸಂಬಂಧಪಡದ ಇನ್ನೊಂದು ಜೀವದ ಕಾರಣವನ್ನು ಹುಡುಕಲು ಕಲಿತ ಮಗು ಮನುಷ್ಯರ ನಡುವೆಯೂ ಆ ಸೌಜನ್ಯವನ್ನು ಉಳಿಸಿಕೊಳ್ಳುತ್ತದೆ.