ದೊಡ್ಡ ಕೊಳಗದ ಅಳತೆ

2023ರ ಏಪ್ರಿಲ್‌ನಲ್ಲಿ ಸಾಗರದ ಹಿರಿಯ ಕಾಂಗ್ರೆಸ್ ನಾಯಕ ಕಾಗೋಡು ತಿಮ್ಮಪ್ಪನವರ ಮಗಳು ಡಾ. ರಾಜನಂದಿನಿ ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿದರು. ಮಗಳ ನಡೆಯಿಂದ ನೋವಾಗಿದೆ, ತಾವು ಕಾಂಗ್ರೆಸ್ಸಿನಲ್ಲೇ ಇರುತ್ತೇವೆ ಎಂದು ತೊಂಬತ್ತರ ಆಸುಪಾಸಿನ ಅಪ್ಪ ಊರಿಗೆಲ್ಲ ಹೇಳಬೇಕಾಗಿ ಬಂತು. ಟೀವಿಯವರಿಗೆ ಹಬ್ಬ. ಹೆತ್ತಪ್ಪನಿಗೇ ಹೀಗೆ ಮಾಡೋದಾ ಎಂಬ ಮರುಕ ಸಾಗರದ ಹೋಟೆಲುಗಳಲ್ಲಿ ಚಹಾದ ಜೊತೆ ಪುಕ್ಕಟೆಯಾಗಿ ಸಿಗುತ್ತಿತ್ತು.

ನನ್ನ ತಕರಾರು ಆ ಮರುಕದ ಮೇಲೆಯೇ. ಆ ಚುನಾವಣೆಯಲ್ಲಿ ಸಾಗರದ ಕಾಂಗ್ರೆಸ್ ಟಿಕೆಟ್ ಪಡೆದಿದ್ದ ಬೇಳೂರು ಗೋಪಾಲಕೃಷ್ಣ ತಿಮ್ಮಪ್ಪನವರ ಸೋದರಳಿಯ. ಇದೇ ಬೇಳೂರು 2004ರಲ್ಲಿ, ಮತ್ತೆ 2008ರಲ್ಲಿ ಬಿಜೆಪಿಯಿಂದ ನಿಂತು ಇದೇ ಮಾವನನ್ನು ಸೋಲಿಸಿದ್ದರು. ಅಳಿಯ ಮಾಡಿದರೆ ರಾಜಕಾರಣ, ಮಗಳು ಮಾಡಿದರೆ ಮನೆಮುರುಕತನ! ಟಿಕೆಟ್ ಹಂಚಿಕೆಯ ಹೊತ್ತಿಗೇ ಸಿದ್ಧಾಂತ ಬದಲಾಗುವುದನ್ನು ಕಟುವಾಗಿಯೇ ಟೀಕಿಸೋಣ. ಆದರೆ ರಾಜಕಾರಣಿಯೆಂದು ಟೀಕಿಸೋಣ, ಮಗಳೆಂದಲ್ಲ.

1951ರಲ್ಲಿ ಇದೇ ಸಾಗರ ಸೀಮೆಯ ಕಾಗೋಡಿನ ಗೇಣಿದಾರರು ಸಿಡಿದೆದ್ದದ್ದು ಕೊಳಗದ ಅಳತೆಗಾಗಿ. ಒಡೆಯರು ಗೇಣಿ ಅಳೆದುಕೊಳ್ಳುತ್ತಿದ್ದ ಕೊಳಗ ದೊಡ್ಡದು. ಅದೇ ದೊಡ್ಡ ಕೊಳಗದಲ್ಲಿ ನಾವು ರಾಜಕಾರಣಿಯ ಮನೆಯವರಿಂದ ದುಡಿಮೆ ಅಳೆದುಕೊಳ್ಳುತ್ತ ಬಂದಿದ್ದೇವೆ. ಬೆಳಗಿನ ಆರಕ್ಕೆ ಜಗಲಿಯ ಮೇಲೆ ಜನ. ಬಗರ್‌ಹುಕುಂ ಅರ್ಜಿ, ವರ್ಗಾವಣೆ, ಆಸ್ಪತ್ರೆ ಬಿಲ್ಲು, ಮದುವೆ ಕಾಗದ. ಎಲ್ಲರಿಗೂ ಕಾಫಿ ಆಗಬೇಕು, ಸಾಹೇಬರು ಎಲ್ಲಿ ಎಂಬುದಕ್ಕೆ ನಗುನಗುತ್ತ ಉತ್ತರ ಆಗಬೇಕು. ಒಳಗೆ ಮಗುವಿಗೆ ಜ್ವರವಿದ್ದರೂ ಸರಿಯೇ. ಒಂದು ದಿನ ಮುಖ ಗಂಟಿಕ್ಕಿದರೆ ಸಾಕು, ಆ ಮನೆಯ ಹೆಂಗಸಿಗೆ ಜಂಭ ಎಂಬ ಸುದ್ದಿ ಸಂಜೆಯೊಳಗೆ ಹೊಸನಗರ ದಾಟಿರುತ್ತದೆ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ವಿಷಯದಲ್ಲಿ ನಮ್ಮ ಅಳತೆ ಇನ್ನೂ ವಿಚಿತ್ರ. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿ, 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದು, ವಿಧಾನಸಭೆಯನ್ನು ನಡುಗಿಸಿದ ಮನುಷ್ಯ. ಕಿಸೆ ಖಾಲಿ, ಆರೋಗ್ಯ ನೆಟ್ಟಗಿಲ್ಲ, ಮದುವೆಯೂ ತಡ. 1972ರ ಜೂನ್‌ನಲ್ಲಿ, 49ನೇ ವಯಸ್ಸಿಗೆ ತೀರಿಕೊಂಡಾಗ ಹೆಂಡತಿ ಸೋನಕ್ಕನ ಕೈಯಲ್ಲಿ ಎರಡು ಎಳೆಯ ಮಕ್ಕಳು. ಗೌಡರ ಬಡತನವನ್ನು ನಾವು ಭಾಷಣಗಳಲ್ಲಿ ಹೊಗಳಿ ದಣಿದಿಲ್ಲ. ಆ ಬಡತನದಲ್ಲಿ ಅಕ್ಕಿ ಡಬ್ಬದ ತಳ ಕೆರೆದವರು ಯಾರು ಎಂದು ಯಾವ ವೇದಿಕೆಯಲ್ಲೂ ಕೇಳಿಸಿಕೊಂಡ ನೆನಪು ನನಗಿಲ್ಲ. ಗಂಡನ ತ್ಯಾಗಕ್ಕೆ ಹಾರ, ಹೆಂಡತಿಯದು ಕರ್ತವ್ಯ. ಅನಂತಮೂರ್ತಿಯವರು 1978ರ 'ಅವಸ್ಥೆ' ಕಾದಂಬರಿಯಲ್ಲಿ ಹಾಸಿಗೆ ಹಿಡಿದ ನಾಯಕ ಕೃಷ್ಣಪ್ಪನ ಜೊತೆಗೆ ಬ್ಯಾಂಕಿಗೆ ದುಡಿಯಲು ಹೋಗುವ ಹೆಂಡತಿಯ ಸಿಡಿಮಿಡಿಯನ್ನೂ ತೋರಿಸಿದರು. ಓದಿದ ನಾವು ಕೃಷ್ಣಪ್ಪನಲ್ಲಿ ಗೋಪಾಲಗೌಡರನ್ನು ಹುಡುಕುವುದರಲ್ಲೇ ಮುಳುಗಿದೆವು.

ಹಾಗಾದರೆ ದುಡಿದ ಮನೆಯವರಿಗೆ ಟಿಕೆಟ್ಟೇ ಕೂಲಿಯೇ? ಖಂಡಿತ ಅಲ್ಲ. 1974ರ ಭೂಸುಧಾರಣೆ ಬಂದಾಗ ಗೇಣಿದಾರ ಡಿಕ್ಲರೇಷನ್ ಹಾಕಿದ, ಉತ್ತ ನೆಲ ಅವನದಾಯಿತು. ಕ್ಷೇತ್ರ ಹಾಗೆ ಯಾರ ಪಹಣಿಗೂ ಏರುವ ಗದ್ದೆಯಲ್ಲ. ಹೊಸನಗರ ಕ್ಷೇತ್ರವೇ 2008ರ ಮರುವಿಂಗಡಣೆಯಲ್ಲಿ ಸಾಗರಕ್ಕೂ ತೀರ್ಥಹಳ್ಳಿಗೂ ಹರಿದು ಹಂಚಿಹೋಯಿತಲ್ಲ! ಕ್ಷೇತ್ರವನ್ನು ಪಿತ್ರಾರ್ಜಿತವೆಂದುಕೊಂಡರೆ ಏನಾಗುತ್ತದೆ ಎಂದು ಪಕ್ಕದ ಸೊರಬ ತೋರಿಸಿದೆ: ಮಾಜಿ ಮುಖ್ಯಮಂತ್ರಿ ಬಂಗಾರಪ್ಪನವರ ಮಕ್ಕಳಾದ ಕುಮಾರ್, ಮಧು 2004ರಿಂದ 2023ರವರೆಗೂ ಎದುರಾಬದುರು ನಿಂತರು. ಅಣ್ಣತಮ್ಮಂದಿರ ಜಗಳ ನೋಡಲು ನಾವೂ ಸಾಲುಗಟ್ಟಿದೆವು, ಕೋಳಿ ಅಂಕಕ್ಕೆ ಹೋದ ಹಾಗೆ.

ಪಕ್ಷಗಳು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಶಾಸಕರ ಮನೆಯಿಂದ ದೂರ ಒಂದು ಕಚೇರಿ, ಅಲ್ಲಿ ಸಂಬಳದ ಇಬ್ಬರು, ಬಾಗಿಲು ಹಾಕುವ ಹೊತ್ತು. ನಾವು ಮಾಡಬಹುದಾದದ್ದು ಅದಕ್ಕಿಂತ ಸುಲಭ. ಬಗರ್‌ಹುಕುಂ ಅರ್ಜಿ ತೆಗೆದುಕೊಳ್ಳಲು ತಾಲ್ಲೂಕು ಕಚೇರಿ ಇದೆ. ಬೆಳಗಿನ ಆರಕ್ಕೆ ಆ ಜಗಲಿ ಹತ್ತಬೇಕಾಗಿಲ್ಲ.