ಸೆಮಿಫೈನಲ್‌ಗೆ ಮಾತ್ರ ಬೇರೆ ನಿಯಮ ಏಕೆ?

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದರೆ ಸಾಕು, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಮಕ್ಕಳ ಪಂದ್ಯಾವಳಿಗಳ ಸುಗ್ಗಿ. ಖೋ ಖೋ, ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್. ಓಣಿಯ ಯುವಕ ಮಂಡಳಿಗಳು ಪಟ್ಟಿ ಎತ್ತಿ, ಸುಣ್ಣದ ಗೆರೆ ಎಳೆದು, ಬಿಸಿಲೇರುವ ಮೊದಲೇ ಪಂದ್ಯ ಮುಗಿಸಲು ನಸುಕಿಗೇ ಎದ್ದು ಓಡಾಡುತ್ತವೆ. ಮೊಬೈಲ್ ಹಿಡಿದು ಕೂರುವ ಮಕ್ಕಳನ್ನು ಮೈದಾನಕ್ಕೆ ತರುವ ಈ ಹುಡುಗರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರು ರೂಢಿಸಿಕೊಂಡಿರುವ ಒಂದು ಪದ್ಧತಿ ನಿಲ್ಲಲೇಬೇಕು. ಲೀಗ್ ಹಂತದುದ್ದಕ್ಕೂ ಒಂದು ನಿಯಮದಲ್ಲಿ ಆಡಿಸಿ, ಸೆಮಿಫೈನಲ್ ದಿನ ಬೆಳಿಗ್ಗೆ ಮೈಕಿನಲ್ಲಿ ಇನ್ನೊಂದು ನಿಯಮ ಕೂಗುವ ಪದ್ಧತಿ ಅದು.

ನಾನು ಬನಹಟ್ಟಿಯ ನೇಕಾರರ ಮನೆಯವಳು, ದೈಹಿಕ ಶಿಕ್ಷಣ ಶಿಕ್ಷಕಿ. ರಜೆಯಲ್ಲಿ ಇಂಥ ಪಂದ್ಯಾವಳಿಗಳಿಗೆ ಅಂಕ ಬರೆಯಲು, ಸಮಯ ನೋಡಲು ಕರೆಯುತ್ತಾರೆ, ಹೋಗುತ್ತೇನೆ. ಹಿಂದಿನ ಬೇಸಿಗೆಯಲ್ಲಿ 14 ವರ್ಷದೊಳಗಿನ ಬಾಲಕಿಯರ ಖೋ ಖೋ ಇತ್ತು. ತಂಡಕ್ಕೆ 12 ಮಂದಿ, ಅಂಕಣಕ್ಕೆ ಇಳಿಯುವವರು 9. ಲೀಗ್‌ನಲ್ಲಿ ಸಂಘಟಕರೇ ಒಂದು ಒಳ್ಳೆಯ ನಿಯಮ ಮಾಡಿದ್ದರು: ಮೊದಲ ಇನಿಂಗ್ಸ್‌ನಲ್ಲಿ ಹೊರಗುಳಿದ ಮೂವರು ಎರಡನೇ ಇನಿಂಗ್ಸ್‌ನಲ್ಲಿ ಕಡ್ಡಾಯವಾಗಿ ಆಡಬೇಕು. ಅದರಿಂದ ಆಟ ಎಷ್ಟು ಚೆನ್ನಾಗಿ ಕಳೆಗಟ್ಟಿತ್ತೆಂದರೆ, ಮೊದಲ ದಿನ ಕಂಬ ತಿರುಗಲು ಬಾರದ ಹುಡುಗಿಯರು ಮೂರನೇ ಪಂದ್ಯದ ಹೊತ್ತಿಗೆ ಮೈ ಬಾಗಿಸಿ ಕಂಬ ಹಿಡಿದು ತಿರುಗುತ್ತಿದ್ದರು.

ಸೆಮಿಫೈನಲ್ ಬೆಳಿಗ್ಗೆ ಆ ನಿಯಮ ಹೋಯಿತು. 'ಇವತ್ತಿನಿಂದ ಯಾರನ್ನು ಬೇಕಾದರೂ ಆಡಿಸಬಹುದು' ಎಂದು ಮೈಕ್ ಹೇಳಿತು. ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಊರಿನಿಂದ ಬಂದ ತಂಡದಲ್ಲಿ ಒಬ್ಬ ಸಣ್ಣ ಹುಡುಗಿ ಇದ್ದಳು. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗಿ, ದಿಬ್ಬದ ಮೇಲೆ ಹೊಸದಾಗಿ ಎದ್ದ ಊರು ಅದು. ನಸುಕಿನ ಬಸ್ಸಿಗೆ ಬಂದಿದ್ದ ಆಕೆ ಪಂದ್ಯಕ್ಕೆ ಮೊದಲೇ ಗಾಜಿನ ಬಳೆ, ಕಾಲ್ಗೆಜ್ಜೆ ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿದ್ದಳು. ಬಳೆ ತೊಟ್ಟು ಅಂಕಣಕ್ಕೆ ಇಳಿಯುವಂತಿಲ್ಲ ಎಂದು ಮೊದಲ ದಿನ ನಾನೇ ಹೇಳಿದ್ದೆ. ಎರಡೂ ಇನಿಂಗ್ಸ್ ಮುಗಿಯಿತು, ಆಕೆಯನ್ನು ಯಾರೂ ಕರೆಯಲಿಲ್ಲ. ನನ್ನ ಮೇಜಿನ ಹತ್ತಿರ ಬಂದು, 'ಅಕ್ಕೋರ, ನನ್ನ ಪಾಳಿ ಬರ್ಲೇ ಇಲ್ಲರೀ?' ಎಂದು ಕೇಳಿದಳು. ಆಕೆಯ ತಂಡ ಗೆದ್ದಿತ್ತು. ಗೆದ್ದವರ ಕುಣಿತದ ನಡುವೆ ಆಕೆ ಗಂಟು ಬಿಚ್ಚಿ ಬಳೆಗಳನ್ನು ಒಂದೊಂದಾಗಿ ಏರಿಸಿಕೊಳ್ಳುತ್ತಿದ್ದಳು.

ಸಂಘಟಕರನ್ನು ಕೇಳಿದೆ. 'ಟೀಚರ್ರ, ಇದು ಸೆಮಿಫೈನಲ್ರಿ. ಊರ ಮಂದಿ ನೋಡಾಕ ಬಂದಾರ. ಛಲೋ ಆಡೋರ್ನ ಆಡ್ಸಬೇಕಲ್ರಿ' ಎಂದರು. ಒಳ್ಳೆಯ ಹುಡುಗರೇ, ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಅವರ ಮಾತನ್ನು ನಾನು ಒಪ್ಪುವುದಿಲ್ಲ.

ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟವಾಗಿದ್ದರೆ ಮಾತು ಬೇರೆ. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಳಗಾವಿ ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ ಹೋಗುವ ಆ ಕೂಟದ ಕೆಲಸವೇ ಆಯ್ಕೆ. ಅಲ್ಲಿ ಮೊದಲ ಪಂದ್ಯದಿಂದಲೂ ಬಲಿಷ್ಠರನ್ನೇ ಇಳಿಸುತ್ತಾರೆ, ಸೋತವರು ಮನೆಗೆ ಹೋಗುತ್ತಾರೆ, ಮಕ್ಕಳಿಗೂ ಅದು ಗೊತ್ತು. ರಜೆಯ ಪಂದ್ಯಾವಳಿಗೆ ಕರೆಯುವಾಗ ನಾವು ಹೇಳುವುದು 'ಎಲ್ಲರೂ ಬನ್ನಿ, ಎಲ್ಲರೂ ಆಡಿ' ಎಂದು. ಎಲ್ಲ ಮಕ್ಕಳ ಹೆಸರಿನಲ್ಲೂ ಪ್ರವೇಶ ಶುಲ್ಕ ತೆಗೆದುಕೊಂಡಿದ್ದೇವೆ. ಸೆಮಿಫೈನಲ್‌ಗೆ ತಂಡವನ್ನು ತಲುಪಿಸಿದ ಅಂಕಗಳಲ್ಲಿ ಆ ಮೂವರ ಓಟವೂ ಸೇರಿದೆ. ಅವರ ದುಡಿಮೆ ಬೇಕು, ಫೈನಲ್‌ನಲ್ಲಿ ಅವರು ಬೇಡ ಎನ್ನುವುದು ಅನ್ಯಾಯ.

ಕ್ರಿಕೆಟ್‌ನಲ್ಲಿ ಇದು ಇನ್ನೂ ಹೆಚ್ಚು. ಲೀಗ್‌ನಲ್ಲಿ ಆರು ಓವರ್, ಒಬ್ಬನಿಗೆ ಒಂದೇ ಓವರ್. ಹಾಗಾಗಿ ಆರು ಹುಡುಗರು ಚೆಂಡು ಹಾಕುತ್ತಾರೆ. ಫೈನಲ್‌ಗೆ ಎಂಟು ಓವರ್ ಮಾಡಿ, ಒಬ್ಬನಿಗೆ ನಾಲ್ಕು ಎಂದುಬಿಟ್ಟರೆ ಇಬ್ಬರು ಎತ್ತರದ ಹುಡುಗರಲ್ಲೇ ಪಂದ್ಯ ಮುಗಿಯುತ್ತದೆ. ಹೊರಗಿನ ಊರಿನ ಆಟಗಾರ ಸೆಮಿಫೈನಲ್‌ಗೆ ಬಂದು ಸೇರಿಕೊಳ್ಳುವುದೂ ಇಂಥ ಸಡಿಲಿಕೆಯ ಸಂದಿಯಲ್ಲೇ. ಜನ್ಮ ದಿನಾಂಕದ ದಾಖಲೆಯನ್ನು ಮೊದಲ ದಿನ ಕೇಳದೆ ಫೈನಲ್ ದಿನ ಕೇಳಿದರೆ ಜಗಳವಾಗದೆ ಇನ್ನೇನಾದೀತು?

ನಿರ್ಣಾಯಕ ಪಂದ್ಯಗಳಿಗೆ ನಿಯಮ ಬದಲಾಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಬಿಸಿಲು, ತಂಡಗಳ ಸಂಖ್ಯೆ ನೋಡಿ ಲೀಗ್‌ನಲ್ಲಿ ಖೋ ಖೋ ಪಾಳಿಯನ್ನು 5 ನಿಮಿಷಕ್ಕೆ ಇಳಿಸಿದ್ದರೆ, ಫೈನಲ್‌ಗೆ ಪೂರ್ತಿ ಸಮಯ ಕೊಡುವುದು ಸರಿ. ಲೀಗ್‌ನಲ್ಲಿ ಒಬ್ಬರೇ ಅಂಪೈರ್ ಇದ್ದರೆ ಫೈನಲ್‌ಗೆ ಇಬ್ಬರು ಬರಲಿ. ಲೀಗ್ ಪಂದ್ಯ ಸಮವಾದರೆ ಅಂಕ ಹಂಚಬಹುದು, ಸೆಮಿಫೈನಲ್ ಸಮವಾದರೆ ಯಾರಾದರೊಬ್ಬರು ಮುಂದೆ ಹೋಗಲೇಬೇಕು. ಅದಕ್ಕೆ ನಾಣ್ಯ ಚಿಮ್ಮುವುದು, ಚೀಟಿ ಎತ್ತುವುದು ಬೇಡ. ಆಟದ ಪುಸ್ತಕದಲ್ಲೇ ದಾರಿ ಇದೆ.

ಕಬಡ್ಡಿಯ ಟೈ ಬ್ರೇಕರ್ ನೋಡಿ. ಎರಡೂ ತಂಡಗಳಿಗೆ ಐದೈದು ರೈಡ್. ಏಳೂ ಮಂದಿ ಅಂಕಣದಲ್ಲೇ ಇರುತ್ತಾರೆ, ಔಟಾಗಿ ಹೊರಗೆ ಹೋಗುವುದಿಲ್ಲ, ಅಂಕ ಮಾತ್ರ ಎಣಿಕೆ. ರೈಡರ್ ದಾಟಲೇಬೇಕಾದ ಬಾಕ್ ಗೆರೆಯೇ ಬೋನಸ್ ಗೆರೆಯೂ ಆಗುತ್ತದೆ. ನನಗೆ ತುಂಬಾ ಇಷ್ಟವಾದ ಅಂಶ ಇನ್ನೊಂದಿದೆ. ಆ ಐದು ರೈಡ್‌ಗಳನ್ನು ಐದು ಬೇರೆ ಬೇರೆ ಆಟಗಾರರೇ ಮಾಡಬೇಕು. ಪಂದ್ಯ ಅತಿ ಬಿಗಿಯಾದ ಆ ಗಳಿಗೆಯಲ್ಲಿ ನಿಯಮ ಪುಸ್ತಕ ಒಬ್ಬ ಸ್ಟಾರ್ ರೈಡರ್‌ನ ಕೈಗೆ ಎಲ್ಲವನ್ನೂ ಒಪ್ಪಿಸುವುದಿಲ್ಲ, ಮೂಲೆಯಲ್ಲಿ ನಿಂತು ಹಿಡಿಯುವವನನ್ನೂ ರೈಡಿಗೆ ಕಳಿಸುತ್ತದೆ. ಪ್ರೊ ಕಬಡ್ಡಿಯಲ್ಲಿ ಈ ಟೈ ಬ್ರೇಕರ್ ಮೊದಲು ಪ್ಲೇ ಆಫ್‌ಗಷ್ಟೇ ಮೀಸಲಾಗಿತ್ತು. 2025ರ 12ನೇ ಆವೃತ್ತಿಯಲ್ಲಿ ಅದನ್ನು ಲೀಗ್ ಪಂದ್ಯಗಳಿಗೂ ತಂದರು. ದೊಡ್ಡವರ ಕಬಡ್ಡಿ ಲೀಗ್-ಪ್ಲೇ ಆಫ್ ನಡುವಿನ ನಿಯಮದ ಅಂತರ ಕಡಿಮೆ ಮಾಡುತ್ತಿರುವಾಗ ನಾವು ಮಕ್ಕಳ ಆಟದಲ್ಲಿ ಅದನ್ನು ಹಿಗ್ಗಿಸುತ್ತಿದ್ದೇವೆ.

ಖೋ ಖೋದಲ್ಲೂ ಹಾಗೆಯೇ. ಸಮವಾದರೆ ಇನ್ನೊಂದು ಇನಿಂಗ್ಸ್, ಅದೂ ಸಮವಾದರೆ ಮೊದಲ ಅಂಕವನ್ನು ಯಾರು ಬೇಗ ಗಳಿಸುತ್ತಾರೆ ಎಂಬ ಲೆಕ್ಕ. ಈ ಆಟ ಹೊಸ ನಿಯಮಗಳಿಗೆ ಹೆದರಿದ್ದೂ ಇಲ್ಲ. 2022ರಲ್ಲಿ ಅಲ್ಟಿಮೇಟ್ ಖೋ ಖೋ ಲೀಗ್ ಬಂದಾಗ ಅಂಕಣಕ್ಕೆ ಇಳಿಯುವವರು 7 ಮಂದಿಯಾದರು, ಪಾಳಿ 7 ನಿಮಿಷವಾಯಿತು, ಯಾವ ದಿಕ್ಕಿಗಾದರೂ ಓಡಬಲ್ಲ ವಜೀರ್ ಬಂದ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆದು ಭಾರತದ ಎರಡೂ ತಂಡಗಳು ಗೆದ್ದವು. ನಮ್ಮ ಮೈಸೂರು ಜಿಲ್ಲೆಯ ಬಿ. ಚೈತ್ರಾ ಆ ಮಹಿಳಾ ತಂಡದಲ್ಲಿದ್ದರು. ಅಷ್ಟೆಲ್ಲ ಬದಲಾದರೂ, ಮೊದಲ ಪಂದ್ಯಕ್ಕೆ ಇದ್ದ ಆಟಗಾರರ ಸಂಖ್ಯೆ, ಪಾಳಿಯ ಸಮಯವೇ ಫೈನಲ್‌ಗೂ ಇತ್ತು.

ಮೊದಲೇ ಬರೆದಿಟ್ಟ ನಿಯಮವೆಲ್ಲ ಸರಿ ಎಂದೂ ಅಲ್ಲ. 2019ರ ಕ್ರಿಕೆಟ್ ವಿಶ್ವಕಪ್ ಫೈನಲ್ ಎಲ್ಲರಿಗೂ ನೆನಪಿದೆ. ಪಂದ್ಯ ಸಮ, ಸೂಪರ್ ಓವರೂ ಸಮ, ಕೊನೆಗೆ ಬೌಂಡರಿ ಎಣಿಸಿ ಇಂಗ್ಲೆಂಡ್‌ಗೆ ಕಪ್ ಕೊಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಐಸಿಸಿ ಆ ನಿಯಮವನ್ನು ಕೈಬಿಟ್ಟಿತು. ತಪ್ಪು ನಿಯಮ ತಿದ್ದುವ ಕ್ರಮ ಅದು: ಟೂರ್ನಿ ಮುಗಿದ ಮೇಲೆ, ಮುಂದಿನದಕ್ಕಾಗಿ.

ಅಮೆರಿಕದ ಊರೂರುಗಳಲ್ಲಿ ಮಕ್ಕಳು ಆಡುವ ಸಾಫ್ಟ್‌ಬಾಲ್, ಬೇಸ್‌ಬಾಲ್‌ನಲ್ಲೂ ಇದೇ ತಗಾದೆ. 1939ರಲ್ಲಿ ಹುಟ್ಟಿದ ಅಲ್ಲಿನ ಲಿಟಲ್ ಲೀಗ್ ಸಂಸ್ಥೆ, ತಂಡದಲ್ಲಿರುವ ಪ್ರತಿ ಮಗುವಿಗೂ ಕನಿಷ್ಠ ಇಷ್ಟು ಆಟ ಸಿಗಲೇಬೇಕು ಎಂಬ ನಿಯಮವನ್ನು ತನ್ನ ದೊಡ್ಡ ಟೂರ್ನಿಗಳಿಗೂ ಇಟ್ಟುಕೊಂಡಿದೆ. ಅಷ್ಟು ದೂರ ಏಕೆ, ನಮ್ಮ ಜಾತ್ರೆಯ ಕುಸ್ತಿಯಲ್ಲಿ ಯಾವುದು ಸೋಲು-ಗೆಲುವು ತೀರ್ಮಾನವಾಗುವವರೆಗೂ ನಡೆಯುವ ನಿಕಾಲಿ ಕುಸ್ತಿ ಎಂಬುದು ಜೋಡಿ ಕಟ್ಟುವಾಗಲೇ ಪೈಲ್ವಾನರಿಬ್ಬರಿಗೂ ಗೊತ್ತಿರುತ್ತದೆ. ಮಣ್ಣಿಗೆ ಇಳಿದ ಮೇಲೆ ಹೇಳಿದರೆ ಯಾವ ಪೈಲ್ವಾನ ಸುಮ್ಮನಿರುತ್ತಾನೆ? ಮಕ್ಕಳು ಸುಮ್ಮನಿರುತ್ತಾರೆ. ಅದಕ್ಕೇ ಅವರ ಪರವಾಗಿ ದೊಡ್ಡವರು ಮಾತಾಡಬೇಕು.

ಕೆಲವು ತಂದೆ-ತಾಯಿಗಳೂ 'ಕಪ್ ನಮಗೇ ಬರಬೇಕು' ಎಂದು ಒತ್ತಡ ಹಾಕುವುದನ್ನು ನೋಡಿದ್ದೇನೆ. ಅವರಿಗೆ ನನ್ನ ಉತ್ತರ ಇಷ್ಟೇ: ಎಲ್ಲರೂ ಆಡಬೇಕೆಂಬ ನಿಯಮ ಎರಡೂ ತಂಡಗಳಿಗೆ ಇರುತ್ತದೆ. ಆಗ ಗೆಲ್ಲುವುದು ತನ್ನ ಹನ್ನೆರಡನೆಯ ಆಟಗಾರ್ತಿಯನ್ನೂ ತಯಾರು ಮಾಡಿದ ತಂಡ. ಕಪ್ ಆಗಲೂ ಒಬ್ಬರಿಗೆ ಸಿಕ್ಕೇ ಸಿಗುತ್ತದೆ.

ಮುಂದಿನ ಬೇಸಿಗೆಗೆ ಪಟ್ಟಿ ಎತ್ತುವ ನಾಲ್ಕೂ ಊರುಗಳ ಮಂಡಳಿಗಳಲ್ಲಿ ನನ್ನ ವಿನಂತಿ. ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಹೆಸರು ನೋಂದಾಯಿಸುವಾಗಲೇ ಪ್ರತಿ ಮಗುವಿನ ಕೈಗೆ ಕೊಡಿ. ಸೆಮಿಫೈನಲ್, ಫೈನಲ್‌ಗೆ ಸಮಯ, ಅಂಪೈರ್, ಟೈ ಬ್ರೇಕರ್ ಏನು ಬದಲಾಗುತ್ತದೋ ಅದನ್ನೂ ಅದರಲ್ಲೇ ಬರೆಯಿರಿ. ಎಲ್ಲರೂ ಆಡಬೇಕೆಂಬ ಸಾಲನ್ನು ಮಾತ್ರ ಕೊನೆಯ ಸೀಟಿಯವರೆಗೂ ಮುಟ್ಟಬೇಡಿ. ಪಾಲಕರೇ, ಪ್ರವೇಶ ಶುಲ್ಕ ಕೊಡುವ ಮುನ್ನ ಆ ಹಾಳೆಯನ್ನು ಕೇಳಿ ಪಡೆಯಿರಿ.